ಮಿಸೆಸ್ ಒನೆಜಿಮ್ ಸೀರ್ ಅವರ ಸಹಿ

ಗುಡ್ಡದ ಬೀದಿ, ಹಾರ್ಲೋ ಫಾಲ್ಸ್
9 ಸೆಪ್ಟೆಂಬರ್ 1984

ಅಮ್ಮಾ,

ಈ ಭಾನುವಾರವೂ ಊಟಕ್ಕೆ ಬರಲಿಲ್ಲ. ಬೈಯುವುದಿದ್ದರೆ ಕಾಗದ ಓದಿ ಮುಗಿಸಿ ಬೈ. ಫೋನು ಮಾಡೋಣವೆಂದರೆ ಬೂಟಿನ ಕಾರ್ಖಾನೆಯ ಹೊಲಿಗೆ ಯಂತ್ರಗಳು ನಿನ್ನ ಕಿವಿ ತಿಂದುಹಾಕಿವೆ. ನಾನು ಕಿರುಚಿದ್ದು ನೆರೆಮನೆಯವರಿಗೆಲ್ಲ ಕೇಳುತ್ತದೆ, ನಿನಗೊಬ್ಬಳಿಗೆ ಕೇಳುವುದಿಲ್ಲ.

ನಗರದ ಸನ್ನದನ್ನು ತಿದ್ದುವ ಸಮಿತಿಯ ಕೆಲಸ ಮುಗಿಯುತ್ತ ಬಂದಿದೆ. ಈ ಊರನ್ನು ಯಾರು, ಹೇಗೆ ಆಳಬೇಕು ಎಂಬ ಮೂಲ ಕಟ್ಟಳೆ ಅದು. ಅದರಲ್ಲಿ ಚುನಾವಣೆ ಮತ್ತು ಜನಮತದ ಅಧ್ಯಾಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಯಲ್ಲಿ ಮಕ್ಕಳಿಗೆ ಪೌರನೀತಿ ಹೇಳಿಕೊಡುವವಳಿಗೆ ಇದಕ್ಕಿಂತ ಇನ್ನೇನು ಬೇಕು ಹೇಳು.

ಮುಖ್ಯವಾದ ಬದಲಾವಣೆ ಎಂದರೆ ಇನ್ನು ವಾರ್ಡುಗಳಿರುವುದಿಲ್ಲ. ಎಲ್ಲ ಸದಸ್ಯರನ್ನೂ ಇಡೀ ಊರು ಸೇರಿ ಆರಿಸುತ್ತದೆ. 'ನಿನ್ನ ಬೀದಿಗೆ ಟಾರು, ನನ್ನ ಬೀದಿಗೆ ದೀಪ' ಎಂಬ ವ್ಯಾಪಾರ ಅಲ್ಲಿಗೆ ನಿಲ್ಲುತ್ತದೆ. ಸಭೆಯ ತೀರ್ಮಾನ ಜನರಿಗೆ ಒಪ್ಪಿಗೆಯಾಗದಿದ್ದರೆ ಸಹಿ ಕೂಡಿಸಿ ಅದನ್ನು ಮತಕ್ಕೆ ಹಾಕಿಸುವ ಹಕ್ಕು ಹಾಗೇ ಉಳಿಯುತ್ತದೆ. ಆದರೆ ಹೋದ ವರ್ಷ ರೇಸ್ ಮೈದಾನದವರು ಸ್ಮಶಾನದ ಕಲ್ಲುಗಳ ಮೇಲಿನ ಹೆಸರು ನಕಲು ಮಾಡಿ ಅರ್ಜಿ ತುಂಬಿಸಿದರಲ್ಲ, ಆ ಆಟ ನಡೆಯದು. ಹೆಸರು ಮತದಾರರ ಪಟ್ಟಿಯಲ್ಲಿ ಇರುವಂತೆಯೇ ಇರಬೇಕು. ಸಹಿ ಹಾಕಿಸಿಕೊಳ್ಳುವವರು ಎದುರಿಗಿದ್ದು ಕಣ್ಣಾರೆ ನೋಡಿರಬೇಕು. ಈ ಎರಡು ಸಾಲು ಪೂರಾ ನನ್ನದೇ, ಅಮ್ಮಾ. ಸಮಿತಿಯವರು ಒಂದಕ್ಷರ ಬದಲಿಸಲಿಲ್ಲ.

ನವೆಂಬರಿನಲ್ಲಿ ಊರು ಇದನ್ನು ಒಪ್ಪಬೇಕು. ನಿಮ್ಮ ಕೆಳದಂಡೆಯಲ್ಲಿ ಸಮಿತಿಯವರ ಮಾತು ಯಾರೂ ಕೇಳುವುದಿಲ್ಲ. ನಿನ್ನ ಮಾತು ಕೇಳುತ್ತಾರೆ. ನಾಲ್ಕು ಬಾಗಿಲು ತಟ್ಟುತ್ತೀಯಾ?

ನಿನ್ನ,
ಜಿನೆಟ್


ಮಿಸೆಸ್ ಒನೆಜಿಮ್ ಸೀರ್
ಕಾಲುವೆ ಬೀದಿ, ಕೆಳದಂಡೆ
13 ಸೆಪ್ಟೆಂಬರ್ 1984

ಜಿನೆಟ್,

ಇದೇ ಊರಿನಲ್ಲಿರುವ ಮಗಳಿಗೆ ಅಂಚೆಚೀಟಿ ಹಚ್ಚುವ ಭಾಗ್ಯ ಈ ಬೀದಿಯಲ್ಲಿ ನನಗೊಬ್ಬಳಿಗೇ. ಇರಲಿ, ನಿನ್ನ ಗಂಡನಿಗೆ ಪೋರ್ಕ್ ಪೈ ಮಾಡಿಟ್ಟಿದ್ದೆ, ಅದನ್ನು ಪಕ್ಕದ ಮನೆಯ ಅಲ್ಫೊನ್ಸಿನ್ ತಿಂದಳು.

ನನಗೊಂದು ಅನುಮಾನ. ನಮ್ಮ ವಾರ್ಡಿನ ಸದಸ್ಯ ಹೆಕ್ಟರ್ ಮಿಶೋ ಏನು ಸಾಚಾ ಅಲ್ಲ, ಒಪ್ಪಿದೆ. ತನ್ನ ಭಾವಮೈದುನನ ಮನೆ ಮುಂದೆ ದೀಪದ ಕಂಬ ನೆಡಿಸಿದವನು. ಆದರೆ ಚರಂಡಿ ಕಟ್ಟಿಕೊಂಡರೆ ಅವನ ಕ್ಷೌರದಂಗಡಿಗೆ ನುಗ್ಗಿ, ಗಿರಾಕಿಯ ಮುಖಕ್ಕೆ ಸೋಪು ಹಚ್ಚಿರುವಾಗಲೇ ಅವನಿಗೆ ಮಂಗಳಾರತಿ ಮಾಡಬಹುದು. ಇನ್ನು ಮೇಲೆ ನಾವು ಯಾರಿಗೆ ಬೈಯುವುದು? ಗುಡ್ಡ ಹತ್ತಿ ಬೈಯಲು ನನ್ನ ಮೊಣಕಾಲು ಬಿಡುವುದಿಲ್ಲ.

ಆದರೂ ನೀನು ಬರೆದದ್ದು. ಹೆತ್ತವರಿಗೆ ಹೆಗ್ಗಣ ಮುದ್ದು. ನಿನ್ನೆಯಿಂದಲೇ ಶುರು ಮಾಡಿದೆ. ಮೊದಲು ಅಲ್ಫೊನ್ಸಿನ್ ಹತ್ತಿರ ಹೋದೆ.

"ನಿನ್ನ ಮಗ್ಳೇ ಬರ್ದಿದ್ದಾ?" ಅಂದಳು.

"ಅವ್ಳೇ. ಅದ್ರಲ್ಲಿ ಮೋಸ ಗೀಸ ಏನೂ ಇಲ್ಲ."

"ಹಂಗಾದ್ರೆ ಓದೋದೇನು ಬಂತು, ಹೌದು ಅಂತ ಒತ್ತಿದ್ರಾಯ್ತು. ನಮ್ಮ ಕೈಯಲ್ಲಿ ಬೆಳೆದ ಹುಡ್ಗಿ."

ಎಲ್ಲ ಮನೆಯಲ್ಲೂ ಇದೇ ಮಾತು. ನಾನು ಬೀದಿಯ ನಡುವೆ ಎದೆಯೆತ್ತಿ ನಡೆದೆ ಕಣೇ.

ನಿನ್ನ ಅಮ್ಮ


ಗುಡ್ಡದ ಬೀದಿ
8 ನವೆಂಬರ್ 1984

ಅಮ್ಮಾ,

ಗೆದ್ದೆವು! ಗುಡ್ಡದವರು ಅರ್ಧಕ್ಕರ್ಧ ಒಡೆದುಹೋಗಿದ್ದರು. ಕೆಳದಂಡೆಯ ಮತ ಎಣಿಸಿದ ಮೇಲೆಯೇ ತಕ್ಕಡಿ ಈ ಕಡೆ ವಾಲಿದ್ದು. ಸಮಿತಿಯ ಅಧ್ಯಕ್ಷರು ಎಲ್ಲರೆದುರಿಗೆ "ಇದು ಮಿಸೆಸ್ ಪ್ರೆಸ್ಕಾಟ್ ಅವರ ತಾಯಿಯ ಗೆಲುವು" ಎಂದರು. ನನಗೆ ಕಣ್ಣು ತುಂಬಿ ಬಂತು. ನಿನ್ನ ನೆರೆಹೊರೆಯವರಿಗೆಲ್ಲ ನನ್ನ ಕೃತಜ್ಞತೆ ಹೇಳು. ಕ್ರಿಸ್‌ಮಸ್ಸಿಗೆ ಖಂಡಿತ ಬರುತ್ತೇನೆ.

ಜಿನೆಟ್


ಮಿಸೆಸ್ ಒನೆಜಿಮ್ ಸೀರ್
ಕಾಲುವೆ ಬೀದಿ
13 ಮಾರ್ಚ್ 1985

ಜಿನೆಟ್,

ನಗರ ಚುನಾವಣೆಯ ಫಲ ನಿನಗೆ ನನಗಿಂತ ಮೊದಲೇ ಗೊತ್ತಾಗಿರುತ್ತದೆ. ಕೆಳದಂಡೆಯವರೆಲ್ಲ ಹೆಕ್ಟರನಿಗೇ ಹಾಕಿದೆವು, ಅವನನ್ನು ಕಂಡರಾಗದವರೂ ಹಾಕಿದರು. ಅವನು ಸೋತ. ಗೆದ್ದವರ ಮನೆಗಳೆಲ್ಲ ಗುಡ್ಡದ ಮೇಲೆ. ಒಬ್ಬರ ಮುಖವೂ ನನಗೆ ಗೊತ್ತಿಲ್ಲ.

ಹೆಕ್ಟರ್ ಅಂಗಡಿಯ ಗಾಜಿನಾಚೆಯಿಂದ ಟೋಪಿ ಎತ್ತಿ ನಮಸ್ಕರಿಸಿದ. ಬೈದಿದ್ದರೆ ಚೆನ್ನಾಗಿತ್ತು.

ಅಮ್ಮ


ಗುಡ್ಡದ ಬೀದಿ
17 ಮಾರ್ಚ್ 1985

ಅಮ್ಮಾ,

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಈಗ ಗೆದ್ದವರೆಲ್ಲ ಓದಿಕೊಂಡವರು. ಅವರು ಬೀದಿ ಬೀದಿ ಎಂದು ನೋಡುವುದಿಲ್ಲ, ಇಡೀ ಊರನ್ನು ಒಂದಾಗಿ ನೋಡುತ್ತಾರೆ. ಅದಕ್ಕೇ ಅಲ್ಲವೇ ನಾವು ಇಷ್ಟೆಲ್ಲ ಮಾಡಿದ್ದು. ಸ್ವಲ್ಪ ಕಾಲ ಕೊಟ್ಟು ನೋಡು.

ಜಿನೆಟ್


ಮಿಸೆಸ್ ಒನೆಜಿಮ್ ಸೀರ್
ಕಾಲುವೆ ಬೀದಿ
10 ಜೂನ್ 1985

ಜಿನೆಟ್,

ಕಾಲ ಕೊಟ್ಟೆವು. ಅವರು ನಮ್ಮ ಫೈರ್ ಸ್ಟೇಷನ್ನನ್ನೇ ಕಿತ್ತುಕೊಂಡರು. ಒಂದು ಊರಿಗೆ ಎರಡು ಸ್ಟೇಷನ್ ಯಾಕೆ, ಗುಡ್ಡದ ಮೇಲಿನದೊಂದು ಸಾಕು ಎಂದು ತೀರ್ಮಾನವಾಗಿದೆಯಂತೆ. ನಕಾಶೆಯಲ್ಲಿ ನೋಡಿದರೆ ಸಾಕೇ ಸಾಕು. ನಕಾಶೆಯಲ್ಲಿ ಗೂಡ್ಸ್ ರೈಲು ನಿಲ್ಲುವುದಿಲ್ಲವಲ್ಲ.

ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ನಾನು ಮದುವೆಯಾಗಿ ಬಂದ ವರ್ಷ ಕಾಗದದ ಗಿರಣಿಯ ರೈಲು ಗುಡ್ಡಕ್ಕೂ ನಮಗೂ ನಡುವಿನ ಗೇಟಿಗೆ ಅಡ್ಡ ನಿಂತಿತ್ತು. ಗಂಟೆ ಬಾರಿಸುತ್ತ ಬಂದ ಬೆಂಕಿ ಗಾಡಿ ಆಚೆ ಬದಿಯಲ್ಲಿ, ಉರಿಯುವ ಮನೆಗಳು ಈಚೆ ಬದಿಯಲ್ಲಿ. ನಿನ್ನಪ್ಪ ಬೋಗಿಗಳ ಕೆಳಗೆ ನುಸುಳಿ ಬಕೆಟ್ ದಾಟಿಸಿದ. ಅಲ್ಫೊನ್ಸಿನಳ ಅತ್ತೆ ಹೊರಗೆ ಬರಲಿಲ್ಲ. ಅದಾದ ಮೇಲೆಯೇ ಈ ಸ್ಟೇಷನ್ ಕಟ್ಟಿದ್ದು. ನೀನು ಈ ಕಥೆ ಕೇಳಿಕೊಂಡೇ ಅನ್ನ ತಿಂದವಳು.

ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಬೀನ್ಸ್ ಊಟ ಇತ್ತು. ನಾನು ತಟ್ಟೆ ಹಿಡಿದು ಬಂದು ಕೂತೆ. ನನ್ನ ಬೆಂಚಿನಲ್ಲಿ ಬೇರೆ ಯಾರೂ ಬಂದು ಕೂರಲಿಲ್ಲ. ಯಾರೂ ಕೆಟ್ಟ ಮಾತಾಡಲಿಲ್ಲ, ಉಪ್ಪಿನ ಡಬ್ಬಿ ಕೇಳಿದರೆ ಕೊಟ್ಟರು. 'ನನ್ನ ಮಗಳು ಬರೆದದ್ದು, ಮೋಸವಿಲ್ಲ' ಎಂದು ನಾನು ಒಬ್ಬೊಬ್ಬರ ಬಾಗಿಲಲ್ಲೂ ಹೇಳಿದ್ದು ಅವರ ಕಿವಿಯಲ್ಲಿ ಇನ್ನೂ ಇದೆ. ನನ್ನ ಕಿವಿ ಹೋಗಿರುವುದೇ ಒಳ್ಳೆಯದಾಯಿತು. ಅರ್ಧ ತಿಂದು ಎದ್ದು ಬಂದೆ. ನಾಚಿಕೆಯಾಗುತ್ತದೆ ಜಿನೆಟ್. ಬಟ್ಟೆ ಒಣಹಾಕುವುದಕ್ಕೂ ಬೀದಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೊರಗೆ ಬರುತ್ತೇನೆ.

ಅಮ್ಮ


ಗುಡ್ಡದ ಬೀದಿ
12 ಜೂನ್ 1985

ಅಮ್ಮಾ,

ನಿನ್ನ ಕಾಗದ ಓದಿ ಶಾಲೆಗೆ ಹೋಗಲಾಗಲಿಲ್ಲ. ಹುಷಾರಿಲ್ಲ ಎಂದು ಸುಳ್ಳು ಹೇಳಿ ಮನೆಯಲ್ಲೇ ಕೂತೆ. ಮಕ್ಕಳೆದುರು ನಿಂತು ನಾಗರಿಕರ ಹಕ್ಕು ಎಂದು ಹೇಗೆ ಬಾಯಿ ಬಿಡಲಿ?

ಆದರೆ ದಾರಿ ಮುಚ್ಚಿಲ್ಲ. ಸಹಿ ಕೂಡಿಸಿ ಈ ತೀರ್ಮಾನವನ್ನು ಊರಿನ ಮತಕ್ಕೆ ಹಾಕಿಸಬಹುದು. ಆ ಹಕ್ಕನ್ನು ನಾನೇ ಬರೆದಿದ್ದೇನೆ. ಅರ್ಜಿಯ ಹಾಳೆಗಳನ್ನು ಇದರೊಂದಿಗೆ ಕಳಿಸಿದ್ದೇನೆ. ಗುಡ್ಡದಲ್ಲೂ ನ್ಯಾಯವಂತರಿದ್ದಾರೆ, ರೈಲಿನ ವಿಷಯ ತಿಳಿದರೆ ಅವರೂ ನಿಮ್ಮ ಕಡೆ ಬರುತ್ತಾರೆ.

ನಾನೇ ಬಂದು ಹಾಳೆ ಹಿಡಿದು ತಿರುಗಬಹುದಿತ್ತು. ಸಮಿತಿಯಲ್ಲಿ ಇದ್ದವಳು ಹಾಗೆ ಮಾಡಿದರೆ ಜನ ಏನೆಂದುಕೊಳ್ಳುತ್ತಾರೋ ಎಂದು ಹಿಂಜರಿಯುತ್ತಿದ್ದೇನೆ. ಇದನ್ನು ಬರೆಯುವಾಗಲೇ ಮುಖ ಸುಡುತ್ತಿದೆ. ಆದರೂ ಬರೆದಿದ್ದೇನೆ.

ಜಿನೆಟ್


ಮಿಸೆಸ್ ಒನೆಜಿಮ್ ಸೀರ್
ಕಾಲುವೆ ಬೀದಿ
7 ಜುಲೈ 1985

ಜಿನೆಟ್,

ಜನ ಏನೆಂದುಕೊಳ್ಳುತ್ತಾರೋ ಎಂಬ ಭಯ ನಿನಗೆ. ಅವರು ಅಂದುಕೊಂಡದ್ದು ನನಗೆ. ಸರಿ, ಹಂಚಿಕೊಂಡೆವು.

ಹಾಳೆ ತುಂಬಿತು. ಮತ್ತೆ ಅದೇ ಬಾಗಿಲುಗಳನ್ನು ತಟ್ಟಿದೆ. ಈ ಸಲ ಎದೆಯೆತ್ತಿ ಅಲ್ಲ, ತಲೆ ತಗ್ಗಿಸಿ. "ಅವತ್ತು ತಪ್ಪು ಹೇಳಿದೆ, ಇವತ್ತು ಅದನ್ನ ತೊಳ್ಕೊಳ್ಳೋಕೆ ಬಂದಿದೀನಿ" ಅಂದೆ. ಅಲ್ಫೊನ್ಸಿನ್ ಬಾಗಿಲನ್ನು ಪೂರ್ತಿ ತೆರೆದು, "ಒಳಗೆ ಬಾ, ಕಾಫಿ ಆರ್ತಿದೆ" ಅಂದಳು. ಸಹಿ ಹಾಕಿದಳು. ನನಗೆ ಅಳು ಬಂತು.

ಎಲ್ಲರ ಸಹಿಯನ್ನೂ ಎದುರಿಗೆ ಕೂತು ಕಣ್ಣಾರೆ ನೋಡಿದ್ದೇನೆ, ನಿನ್ನ ಕಾನೂನಿನ ಪ್ರಕಾರವೇ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಆಗಿವೆ. ನಾವು ಹೆಂಗಸರೆಲ್ಲ ಭಾನುವಾರದ ಹ್ಯಾಟು ಹಾಕಿಕೊಂಡು ಹೋಗಿ ನಗರಸಭೆಯಲ್ಲಿ ಕೊಟ್ಟು ಬಂದೆವು. ಮುಂದಿನ ಶನಿವಾರ ಚರ್ಚಿನ ಊಟಕ್ಕೆ ಹೋಗುತ್ತೇನೆ.

ಅಮ್ಮ


ಗುಡ್ಡದ ಬೀದಿ
2 ಆಗಸ್ಟ್ 1985

ಅಮ್ಮಾ,

ಅರ್ಜಿ ತಿರಸ್ಕಾರವಾಗಿದೆ. ನಿನಗೆ ನಾಳೆಯೋ ನಾಡಿದ್ದೋ ನೋಟಿಸು ಬರುತ್ತದೆ. ಅದಕ್ಕೆ ಮೊದಲು ನನ್ನಿಂದಲೇ ನಿನಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಇವತ್ತು ನಗರಸಭೆಯ ಕ್ಲರ್ಕ್ ಕಚೇರಿಗೆ ಹೋಗಿ ಹಾಳೆಗಳನ್ನು ನೋಡಿದೆ. ಸಾಲು ಸಾಲು ಕೆಂಪು ಗೆರೆ. ಮಿಸೆಸ್ ಫಿಲಿಯಾಸ್ ಡ್ಯೂಬೆ, ಗೆರೆ. ಮಿಸೆಸ್ ಹೆಕ್ಟರ್ ಮಿಶೋ, ಗೆರೆ. ಮತದಾರರ ಪಟ್ಟಿಯಲ್ಲಿ ಅಲ್ಫೊನ್ಸಿನ್ ಡ್ಯೂಬೆ ಇದ್ದಾಳೆ, ಅವಳ ಗಂಡ ಫಿಲಿಯಾಸ್ ಸತ್ತಿದ್ದಾನೆ. ಗಂಡನ ಹೆಸರಿನಲ್ಲಿ ಸಹಿ ಹಾಕಿದ ಕೆಳದಂಡೆಯ ಹೆಂಗಸರೆಲ್ಲರೂ ಹೋದರು. "ನಾನೇನ್ ಮಾಡ್ಲಿ ಮಿಸೆಸ್ ಪ್ರೆಸ್ಕಾಟ್? ಪಟ್ಟಿಯಲ್ಲಿ ಇರೋ ಹಾಗೇ ಇರ್ಬೇಕು ಅಂತ ನೀವೇ ಬರ್ದಿದೀರಲ್ಲ" ಅಂದರು ಕ್ಲರ್ಕ್. ಅವರು ವ್ಯಂಗ್ಯವಾಗಿ ಹೇಳಲಿಲ್ಲ. ನಿಜವಾಗಿಯೂ ನನ್ನನ್ನೇ ಕೇಳಿದರು.

ಒಂದು ಹಾಳೆಯ ಮೊದಲ ಸಾಲಿನಲ್ಲಿ ನಿನ್ನ ಸಹಿ. ಮಿಸೆಸ್ ಒನೆಜಿಮ್ ಸೀರ್. ಒ ಅಕ್ಷರಕ್ಕೆ ಆ ಬಾಲ, ಕೊನೆಯಲ್ಲಿ ಆ ಸಣ್ಣ ಕೊಕ್ಕೆ. ಅದರ ಮೇಲೂ ಕೆಂಪು ಗೆರೆ.

ಶಾಲೆಯ ಅಂಕಪಟ್ಟಿಯ ಮೇಲೆ ಪ್ರತಿ ತಿಂಗಳೂ ನೋಡಿದ ಸಹಿ ಅದು. ಅಷ್ಟೇ ಅಲ್ಲ, ಸಮಿತಿಯ ಕೆಲಸ ನಡೆಯುತ್ತಿದ್ದಾಗ ನೀನು ಕಳಿಸಿದ ಒಂದೊಂದು ಕಾಗದದ ನೆತ್ತಿಯ ಮೇಲೂ ಅದೇ ಹೆಸರು. ಅದನ್ನು ಮೇಜಿನ ಮೇಲೆ ಇಟ್ಟುಕೊಂಡೇ ಆ ಸಾಲು ಬರೆದೆ. ಕಳ್ಳರ ಬಗ್ಗೆ ಯೋಚಿಸಿದೆ, ಸತ್ತವರ ಬಗ್ಗೆ ಯೋಚಿಸಿದೆ, ನಿನ್ನ ಬಗ್ಗೆ ಯೋಚಿಸಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು, ಬೇಲಿ ಹಾಕಿದವಳು ನಾನು. ನನ್ನ ಬಗ್ಗೆ ನನಗೇ ಅಸಹ್ಯವಾಗಿದೆ.

ಕೊರತೆ ತುಂಬಿಸಲು ಸನ್ನದು ಹತ್ತು ದಿನ ಕೊಡುತ್ತದೆ. ಅವರವರ ಹೆಸರಿನಲ್ಲಿ ಮತ್ತೆ ಸಹಿ ಹಾಕಿದರೆ ಸಾಕು. ಈ ಸಲ ನಾನೇ ಹಾಳೆ ಹಿಡಿದು ಬರುತ್ತೇನೆ. ಯಾರು ಏನಾದರೂ ಅಂದುಕೊಳ್ಳಲಿ.

ಜಿನೆಟ್


ಮಿಸೆಸ್ ಒನೆಜಿಮ್ ಸೀರ್
ಕಾಲುವೆ ಬೀದಿ
5 ಆಗಸ್ಟ್ 1985

ಜಿನೆಟ್,

ಬರಬೇಡ. ಯಾರೂ ಹಾಕುವುದಿಲ್ಲ. ನಾನೂ ಹಾಕುವುದಿಲ್ಲ.

ಅಮ್ಮ


ಗುಡ್ಡದ ಬೀದಿ
14 ಆಗಸ್ಟ್ 1985

ಅಮ್ಮಾ,

ನಿನ್ನ ಮಾತು ಮೀರಿ ಬಂದಿದ್ದೆ. ನಿನಗೆ ಗೊತ್ತು. ನಿನ್ನ ಮನೆಯ ಪರದೆ ಅಲುಗಿದ್ದನ್ನು ನೋಡಿದೆ.

ಕೆಲವು ಹೆಂಗಸರು ಹಾಕಿಕೊಟ್ಟರು, ಚಿಕ್ಕ ವಯಸ್ಸಿನವರು. ಉಳಿದವರು ಬಾಗಿಲು ತೆರೆದು, ನನ್ನನ್ನು ನೋಡಿ, ಹಾಗೇ ಮುಚ್ಚಿದರು. ಅಲ್ಫೊನ್ಸಿನ್ ಚಿಕ್ಕಮ್ಮ ಮಾತ್ರ ಜಗಲಿಗೆ ಬಂದಳು. ಚಿಕ್ಕವಳಿದ್ದಾಗ ನಾನು ಜ್ವರ ಬಂದು ಮಲಗಿದ್ದರೆ ನನ್ನ ಕಾಲು ಒತ್ತಿದವಳು. ಕೂರು ಅನ್ನಲಿಲ್ಲ.

"ಇದರಲ್ಲಿ ನಿಮ್ಮ ಸ್ವಂತ ಹೆಸ್ರು ಬರೀಬೇಕು ಚಿಕ್ಕಮ್ಮ" ಅಂದೆ.

"ಮತ್ತೆ ನಾನು ಮೊದ್ಲು ಬರ್ದಿದ್ದು ಯಾರ್ ಹೆಸ್ರು? ಕದ್ದಿದ್ದಾ?"

"ಕಾನೂನು ಹಾಗಿದೆ."

"ಕಾನೂನು ಎಲ್ಲಿಂದ ಬಂತು, ಆಕಾಶದಿಂದ ಉದುರ್ತಾ? ನೋಡು ಹುಡ್ಗಿ, ಫಿಲಿಯಾಸ್ ಸತ್ತಾಗ ಅವನ ಕೋಟು ಬೂಟು ಎಲ್ಲಾ ಚರ್ಚಿಗೆ ಕೊಟ್ಟೆ. ಹೆಸ್ರೊಂದನ್ನ ಇಟ್ಕೊಂಡೆ. ಅದನ್ನೂ ಬಿಚ್ಚಿ ಕೊಡು ಅಂತ ಕೇಳೋಕ್ ಬಂದಿದೀಯಾ?"

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಹಾಳೆ ಮಡಚಿಕೊಂಡು ಮೆಟ್ಟಿಲಿಳಿದೆ. ನಿನ್ನ ಬಾಗಿಲು ಪಕ್ಕದಲ್ಲೇ ಇತ್ತು. ತಟ್ಟಲು ಧೈರ್ಯವಾಗಲಿಲ್ಲ. ತಟ್ಟಿದ್ದರೆ ಏನು ಹೇಳುತ್ತಿದ್ದೆ? ಅಪ್ಪನ ಹೆಸರನ್ನು ಬಿಚ್ಚಿ ಕೊಡು ಎಂದು ನಿನ್ನನ್ನು ಕೇಳಲು ನನ್ನಿಂದಾಗುತ್ತಿರಲಿಲ್ಲ.

ಗಡುವು ಮುಗಿಯಿತು. ಸಹಿ ಸಾಲಲಿಲ್ಲ. ಮುಂದಿನ ತಿಂಗಳು ಸ್ಟೇಷನ್ನಿಗೆ ಬೀಗ ಹಾಕುತ್ತಾರೆ.

ನೀನು ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ಜಿನೆಟ್


ಎಲ್ಮಿನಾ ಸೀರ್
ಕಾಲುವೆ ಬೀದಿ, ಕೆಳದಂಡೆ
16 ಅಕ್ಟೋಬರ್ 1985

ಜಿನೆಟ್,

ಉತ್ತರ ತಡವಾಯಿತು. ಬರೆಯಬಾರದು ಎಂದೇ ಇದ್ದೆ, ಸುಳ್ಳು ಯಾಕೆ ಹೇಳಲಿ. ಈಗಲೂ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ.

ಹೋದ ಶನಿವಾರ ಒಲೆಯಲ್ಲಿ ಬೀನ್ಸ್ ಮಡಕೆ ಇಟ್ಟು ಕುರ್ಚಿಯಲ್ಲೇ ತೂಕಡಿಸಿದೆ. ಎದ್ದು ನೋಡಿದರೆ ಅಡುಗೆಮನೆ ತುಂಬ ಹೊಗೆ, ಒಲೆಯ ಪಕ್ಕದ ಪರದೆಗೆ ಬೆಂಕಿ. ಅಲ್ಫೊನ್ಸಿನ್ ಫೋನು ಮಾಡಿ, ಬಕೆಟ್ ಹಿಡಿದು ಓಡಿ ಬಂದಳು. ಫೈರ್ ಗಾಡಿ ಹೊರಟಿತು, ಗೇಟಿನವರೆಗೂ ಬಂತು. ರೈಲು ನಿಂತಿತ್ತು. ಫೈರ್ ಗಾಡಿಯ ಸೈರನ್ ಆಚೆ ಬದಿಯಲ್ಲೇ ಅರಚುತ್ತಿತ್ತಂತೆ, ನನಗೆ ಕೇಳಲಿಲ್ಲ. ಅಲ್ಫೊನ್ಸಿನ್ ಮುಖ ಬಿಳಿಚಿಕೊಂಡದ್ದು ಮಾತ್ರ ಕಂಡಿತು. ಅವಳಿಗೆ ಅತ್ತೆಯ ನೆನಪಾಗಿರಬೇಕು. ಇಬ್ಬರೂ ಸೇರಿ ಸಿಂಕಿನಿಂದ ನೀರು ಎರಚಿ ಆರಿಸಿದೆವು. ಆ ಗಾಡಿ ಬರುವ ಹೊತ್ತಿಗೆ ನಾವು ನೆಲ ಒರೆಸುತ್ತಿದ್ದೆವು. ಪರದೆ ಹೋಯಿತು, ಬೀನ್ಸ್ ಇದ್ದಿಲಾಯಿತು, ಮನೆ ಉಳಿಯಿತು. ಗಾಬರಿಯಾಗಬೇಡ, ನನ್ನ ಕೈಯಲ್ಲಿ ಒಂದು ಬೊಬ್ಬೆ ಅಷ್ಟೇ.

ಫೈರಿನವರು ಹೋದ ಮೇಲೆ ನಾವಿಬ್ಬರೂ ಒದ್ದೆ ನೆಲದ ಮೇಲೇ ಕೂತೆವು. ಅಲ್ಫೊನ್ಸಿನ್ ಮೊದಲು ನಕ್ಕಳು. ಆಮೇಲೆ ಅತ್ತಳು. ಆಮೇಲೆ ಅಂದಳು:

"ಎಲ್ಮಿನಾ, ಮಿಸೆಸ್ ಫಿಲಿಯಾಸ್ಸೂ ಮಿಸೆಸ್ ಒನೆಜಿಮ್ಮೂ ಇವತ್ತು ಇಲ್ಲೇ ಬೆಂದು ಹೋಗ್ತಿದ್ವಿ. ಗಂಡಂದಿರಿಬ್ರೂ ಗೋರಿಯಿಂದ ಎದ್ದು ಬಂದು ನಮ್ಗೋಸ್ಕರ ಸಹಿ ಹಾಕ್ತಿದ್ರಾ?"

"ಒನೆಜಿಮ್ ಬಂದ್ರೂ ಬರ್ತಿದ್ದ. ಬೋಗಿ ಕೆಳಗೆ ನುಸುಳಿ" ಅಂದೆ.

"ಅವನು ಬರ್ತಾನೆ ಅಂತ ಕಾಯೋದು ಬೇಡ. ಪೆನ್ ಎಲ್ಲಿದೆ?"

ಹೆಕ್ಟರ್ ಮಿಶೋ ಈಗ ಬೇರೆಯೇ ಅರ್ಜಿ ತಂದಿದ್ದಾನೆ. ಇದು ಸ್ಟೇಷನ್ನಿಗೆ ಮಾತ್ರವಲ್ಲ, ಸನ್ನದನ್ನೇ ತಿದ್ದುವುದಕ್ಕೆ. ನಮ್ಮ ವಾರ್ಡು ನಮಗೆ ವಾಪಸ್ಸು, ಮತ್ತು ಹೆಂಗಸು ಯಾವ ಹೆಸರಿನಲ್ಲಿ ಸಹಿ ಹಾಕಿದರೂ ಆಸಾಮಿ ಅವಳೇ ಎಂದು ಗೊತ್ತಾದರೆ ಸಾಕು. ವಿಚಿತ್ರ ನೋಡು, ಗಂಡನ ಹೆಸರು ಉಳಿಸಿಕೊಳ್ಳುವುದಕ್ಕೆ ಒಂದು ಸಲ ಗಂಡನ ಹೆಸರು ಬಿಡಬೇಕು. ಕಾಲುವೆ ಬೀದಿಯ ಹಾಳೆ ನನ್ನ ಹತ್ತಿರ ಇದೆ, ಸಹಿ ಹಾಕಿಸುವವಳು ನಾನೇ.

ಮೊದಲು ಹಳೆಯ ಲಕೋಟೆಯ ಮೇಲೆ ಬರೆದು ಅಭ್ಯಾಸ ಮಾಡಿದೆ. ಎಲ್ಮಿನಾ ಸೀರ್. ಯಾರೋ ಪರಿಚಯವಿಲ್ಲದ ಹುಡುಗಿಯ ಹೆಸರಿನಂತೆ ಕಂಡಿತು. ನಿನ್ನಪ್ಪನ ಫೋಟೋ ಗೋಡೆಯ ಮೇಲಿತ್ತು, ಆ ಕಡೆ ನೋಡಲು ನಾಚಿಕೆಯಾಯಿತು. ಆಮೇಲೆ ಅನ್ನಿಸಿತು, ಅವನು ನನ್ನನ್ನು ಕರೆಯುತ್ತಿದ್ದದ್ದು ಮಿಸೆಸ್ ಒನೆಜಿಮ್ ಎಂದಲ್ಲವಲ್ಲ. ಎಲ್ಮಿನಾ ಎಂದೇ ಕರೆಯುತ್ತಿದ್ದ. ಹಾಕಿಬಿಟ್ಟೆ.

ಮೊದಲ ಸಾಲು ನನ್ನದು. ಮೂರನೆಯದು ಅಲ್ಫೊನ್ಸಿನಳದು. ಎರಡನೆಯದನ್ನು ಖಾಲಿ ಬಿಟ್ಟಿದ್ದೇನೆ. "ಅದ್ಯಾಕೆ ಬಿಟ್ಟೆ?" ಅಂತ ಅವಳು ಕೇಳಲಿಲ್ಲ. ಅದರ ಮೇಲೆ ಮಸಿ ತಾಗದ ಹಾಗೆ ಕೈ ಎತ್ತಿ ಬರೆದಳು.

ಹಾಳೆಯನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಸಹಿ ಹಾಕಿಸಿಕೊಳ್ಳುವವರು ಎದುರಿಗೆ ಕೂತು ಕಣ್ಣಾರೆ ನೋಡಬೇಕಂತೆ, ಯಾವಳೋ ಹಾಗೆ ಕಾನೂನು ಬರೆದಿದ್ದಾಳೆ. ನೀನೇ ಬರಬೇಕು. ಶನಿವಾರ ಬಾ, ಹೊಸ ಮಡಕೆಯಲ್ಲಿ ಬೀನ್ಸ್ ಇಡುತ್ತೇನೆ. ಆಮೇಲೆ ಚರ್ಚಿನ ಊಟಕ್ಕೂ ನನ್ನ ಜೊತೆ ಬಂದು, ಅದೇ ಬೆಂಚಿನಲ್ಲಿ, ಎಲ್ಲರೂ ನೋಡುವ ಹಾಗೆ ಕೂರಬೇಕು. ನಾಚಿಕೆಯಾಗುತ್ತದೆ, ಆಗಲಿ. ನನಗೊಬ್ಬಳಿಗೇ ಸಾಕಾಗಿದೆ.

ಹೆಸರು ಪಟ್ಟಿಯಲ್ಲಿ ಇರುವ ಹಾಗೆಯೇ ಬರೆ.

ನಿನ್ನ ಅಮ್ಮ,
ಎಲ್ಮಿನಾ ಸೀರ್